ಬಿರುಕಿನ ವಯಸ್ಸು

ಭೂಮಿ ನಡುಗಿದಾಗ ಅಳತೆ ಮೇಡಂ ಅಣುಸ್ಥಾವರದ ಆಡಳಿತ ಕಟ್ಟಡದ ಎರಡನೇ ಮಹಡಿಯಲ್ಲಿ ಸ್ಟೂಲಿನ ಮೇಲೆ ನಿಂತು, ಕಪಾಟಿನ ನೆತ್ತಿಯಲ್ಲಿದ್ದ ಒಂದು ಕಡತಕ್ಕೆ ಕೈಚಾಚಿದ್ದರು. ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಮೊದಲು ಸ್ಟೂಲು ಅಲ್ಲಾಡಿತು. ಅದು ಯಾವಾಗಲೂ ಅಲ್ಲಾಡುವ ಸ್ಟೂಲಾದ್ದರಿಂದ ಅದಕ್ಕೆ ಬೈದರು. ಆಮೇಲೆ ಕಪಾಟು ಅಲ್ಲಾಡಿತು. ಆಮೇಲೆ ಕಿಟಕಿಯಾಚೆ ಇದ್ದ ನೂರಡಿ ಎತ್ತರದ ಚಿಮಣಿ ಅಲ್ಲಾಡಿತು. ಚಿಮಣಿಗೆ ಬೈಯುವುದು ಸರಿ ಕಾಣದೆ ಮೇಡಂ ಇಳಿದು ಮೇಜಿನಡಿ ಕೂತರು.

ಇಪ್ಪತ್ತೆಂಟು ಸೆಕೆಂಡಿನಲ್ಲಿ ಎಲ್ಲ ಮುಗಿಯಿತು. ನಡುಕ ಹತ್ತಿದ ಮೂರನೇ ಸೆಕೆಂಡಿಗೆ ರಿಯಾಕ್ಟರ್ ಯಾರ ಅಪ್ಪಣೆಯನ್ನೂ ಕೇಳದೆ ತಾನಾಗಿ ನಿಂತುಹೋಗಿತ್ತು. ಮನುಷ್ಯರು ಅಷ್ಟು ಚುರುಕಾಗಿರಲಿಲ್ಲ. ಕ್ಯಾಂಟೀನಿನ ಚಾವಣಿಯ ಹಲಗೆಗಳು ಉದುರಿ ಇಬ್ಬರ ತಲೆಗೆ ಹೊಲಿಗೆ ಬಿತ್ತು. ಉರಿದು ಮುಗಿದ ಇಂಧನವನ್ನು ಮುಳುಗಿಸಿಡುವ ಕೊಳದ ನೀರು ತುಳುಕಿ ನೆಲಕ್ಕೆ ಚೆಲ್ಲಿತು. ಅದನ್ನು ಒರೆಸಲು ಹೋದವರಿಗೆ ಆಮೇಲೆ ಮೂರು ಸಲ ಸ್ನಾನ ಮಾಡಿಸಿದರು. ಹನ್ನೆರಡು ಹತ್ತಕ್ಕೆ ಸ್ಥಾವರದ ನಿರ್ದೇಶಕರು, ಕಟ್ಟಡಗಳಿಗೆ ಯಾವ ಧಕ್ಕೆಯೂ ಆಗಿಲ್ಲವೆಂದು ಪತ್ರಿಕೆಗಳಿಗೆ ಹೇಳಿಕೆ ಕೊಟ್ಟರು. ಕಟ್ಟಡಗಳಿಗೆ ಧಕ್ಕೆ ಆಗಿದೆಯೇ ಎಂದು ನೋಡಿ ಬರಲು ಅಳತೆ ಮೇಡಂ ಎರಡು ಗಂಟೆಗೆ ಹೊರಟರು.

ಅವರಿಗೆ ಮೂವತ್ತೆಂಟು ವರ್ಷ. ಕುತ್ತಿಗೆಯಲ್ಲಿ ಗುರುತಿನ ಚೀಟಿಯ ಜೊತೆಗೆ ಒಂದು ಪಾರದರ್ಶಕ ಪಟ್ಟಿ ನೇತಾಡುತ್ತಿತ್ತು. ಅದರ ಮೇಲೆ ಕೂದಲೆಳೆಯಿಂದ ಹಿಡಿದು ಬೆಂಕಿಕಡ್ಡಿಯ ದಪ್ಪದವರೆಗೆ ಸಾಲಾಗಿ ಗೆರೆಗಳು. ಗೋಡೆಯ ಬಿರುಕಿನ ಪಕ್ಕ ಆ ಪಟ್ಟಿ ಹಿಡಿದರೆ ಬಿರುಕು ಎಷ್ಟು ಅಗಲವಿದೆ ಎಂದು ತಿಳಿಯುತ್ತದೆ. ಅದರಿಂದಲೇ ಅವರು ಅಳತೆ ಮೇಡಂ. ಕಟ್ಟಡ ತಪಾಸಣೆಯ ಸೂಪರ್‌ವೈಸರ್ ಕೆಲಸಕ್ಕೆ ಅವರು ಬಂದು ಆರು ತಿಂಗಳಾಗಿತ್ತು. ಅದಕ್ಕೆ ಮೊದಲು ಹನ್ನೆರಡು ವರ್ಷ ಅದೇ ಕುರ್ಚಿಯಲ್ಲಿ ಇದ್ದವರು ಅವರ ಮಾವ, ಅಂದರೆ ಗಂಡನ ತಂದೆ. ಕುರ್ಚಿ ಮನೆಯೊಳಗೇ ಉಳಿಯಿತೆಂದು ಕೆಲವರು ಆಡಿಕೊಂಡರು. ನಿಜ ಹೇಳಬೇಕೆಂದರೆ ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ. ವರ್ಷಕ್ಕೊಮ್ಮೆ ಇಡೀ ಸ್ಥಾವರದ ನಾನೂರ ಹನ್ನೆರಡು ಜಾಗಗಳನ್ನು ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ಆ ಕೆಲಸದ ಮುಖ್ಯ ಭಾಗ. ಮೇಡಂ ಪಾಲಿನ ಮೊದಲ ತಪಾಸಣೆಗೆ ಇನ್ನೂ ಇಪ್ಪತ್ತು ದಿನವಿತ್ತು. ಭೂಮಿ ಅಷ್ಟು ದಿನ ತಡೆಯಲಿಲ್ಲ.

ದೀಪ ಮತ್ತು ಏಣಿ ಹೊರಲು ಅವರ ಜೊತೆಗೆ ಬಂದಿದ್ದು ಫಿಟ್ಟರ್. ಸ್ಥಾವರ ಕಟ್ಟುವಾಗಿನಿಂದ ಅಲ್ಲೇ ಇದ್ದ, ಮಾತಿಗೆ ಮುಂಚೆ ಒಮ್ಮೆ ಕೆಮ್ಮುವ ಮನುಷ್ಯ.

"ಮೇಡಂ, ಏನೂ ಧಕ್ಕೆ ಆಗಿಲ್ಲ ಅಂತ ರೇಡಿಯೋದಲ್ಲೇ ಬಂತಲ್ಲ. ನಾವ್ಯಾಕೆ ಹೋಗ್ತಿರೋದು?"

"ಎಲ್ಲೆಲ್ಲಿ ಆಗಿಲ್ಲ ಅಂತ ಬರ್ಕೊಂಡು ಬರೋಕೆ."

ಐದು ದಿನ ಬರೆದರು. ಸುರಂಗದಂಥ ಓಣಿಗಳಲ್ಲಿ, ಪಂಪುಗಳ ಕೋಣೆಗಳಲ್ಲಿ, ಬಿಳಿ ಅಂಗಿ ತೊಟ್ಟು ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೋಗಬೇಕಾದ ಕಡೆಗಳಲ್ಲಿ, ಒಟ್ಟು ನೂರ ಅರವತ್ತಮೂರು ಬಿರುಕುಗಳು ಸಿಕ್ಕವು. ಪ್ರತಿಯೊಂದರ ಪಕ್ಕ ಸೀಮೆಸುಣ್ಣದಲ್ಲಿ ನಂಬರು ಬರೆದು, ಅಗಲ ಅಳೆದು, ಹೊಸದೋ ಹಳೆಯದೋ ಎಂದು ನೋಡಬೇಕು. ಹೊಸ ಬಿರುಕಿನ ಒಳಗು ಮುರಿದ ರಸ್ಕಿನಂತೆ ಚೊಕ್ಕಟವಾಗಿರುತ್ತದೆ. ಹಳೆಯದರೊಳಗೆ ಧೂಳು ಕೂತಿರುತ್ತದೆ, ಬಣ್ಣ ಇಳಿದಿರುತ್ತದೆ, ಜೇಡ ಬಲೆ ಕಟ್ಟಿರುತ್ತದೆ. ನಾಲ್ಕನೇ ಪಂಪ್ ರೂಮಿನ ಬಿರುಕಿನ ಹತ್ತಿರ ಫಿಟ್ಟರ್ ದೀಪ ಹಿಡಿದು, ಕೆಮ್ಮಿ, "ಇದಕ್ಕೆ ಎಷ್ಟು ವಯಸ್ಸಾಗಿರಬಹುದು ಮೇಡಂ?" ಎಂದ.

"ಇರುವೆಗಳನ್ನ ಕೇಳ್ಬೇಕು. ಅವು ಇಲ್ಲಿ ಮನೆ ಮಾಡಿ ಮೂರು ತಲೆಮಾರು ಆದ ಹಾಗಿದೆ."

ನೂರ ಅರವತ್ತಮೂರರಲ್ಲಿ ನೂರ ನಲವತ್ತು ಹಳೆಯವು. ಇಪ್ಪತ್ತೆರಡು ಹೊಸವು, ಆದರೆ ಕೂದಲೆಳೆಯಷ್ಟು ತೆಳ್ಳಗಿನವು, ಅವುಗಳಿಂದ ಅಪಾಯವಿಲ್ಲ. ಉಳಿದಿದ್ದು ಒಂದು.

ಅದು ಇದ್ದಿದ್ದು ರಿಯಾಕ್ಟರ್ ಕಟ್ಟಡದ ಹಿಂಬದಿ, ಬಿಸಿಲು ಬೀಳದ ಕಡೆ. ಅಲ್ಲಿ ಮೂರಂತಸ್ತಿನ ಮನೆಯಷ್ಟು ಎತ್ತರದ ನೀರಿನ ಟ್ಯಾಂಕು ಒಂದು ಕಾಂಕ್ರೀಟ್ ಪೀಠದ ಮೇಲೆ ನಿಂತಿದೆ. ಕರೆಂಟು ಹೋಗಿ, ಪಂಪುಗಳೂ ಕೈಕೊಟ್ಟು, ಇನ್ನೇನೂ ದಾರಿಯಿಲ್ಲ ಎಂದಾಗ ಈ ಟ್ಯಾಂಕಿನ ನೀರು ತನ್ನ ಭಾರಕ್ಕೆ ತಾನೇ ಇಳಿದು ರಿಯಾಕ್ಟರಿನ ಗರ್ಭವನ್ನು ತಣ್ಣಗಿಡಬೇಕು. ಸ್ಥಾವರದ ಮಿಕ್ಕೆಲ್ಲ ಗೋಡೆಗಳಿಗೆ ಎಣ್ಣೆಬಣ್ಣ; ಈ ಆಳೆತ್ತರದ ಪೀಠವೊಂದಕ್ಕೆ ಮಾತ್ರ ಯಾವ ಕಾಲದ ಯಾವ ಅಧಿಕಾರಿಯ ಅಪ್ಪಣೆಯಿಂದಲೋ ಸುಣ್ಣ ಬಳಿಯುತ್ತಾ ಬಂದಿದ್ದರು. ಟ್ಯಾಂಕನ್ನು ಪೀಠಕ್ಕೆ ಹಿಡಿದಿಟ್ಟಿದ್ದ ಹನ್ನೆರಡು ಬೋಲ್ಟುಗಳಲ್ಲಿ ಒಂದರ ಬುಡದಿಂದ ಹೊರಟ ಬಿರುಕು ಓರೆಯಾಗಿ ನೆಲದವರೆಗೆ ಇಳಿದಿತ್ತು. ಮೇಡಂ ಪಟ್ಟಿ ಹಿಡಿದರು. ಇನ್ನೊಮ್ಮೆ ಹಿಡಿದರು. ಎರಡು ಪೋಸ್ಟ್ ಕಾರ್ಡು ಒಂದರ ಮೇಲೊಂದು ಇಟ್ಟ ದಪ್ಪದಷ್ಟು ಅಗಲ. ನಿಯಮ ಒಪ್ಪುವುದು ಒಂದು ಕಾರ್ಡಿನಷ್ಟು.

"ಹೊಸದಾ, ಹಳೇದಾ?" ಎಂದ ಫಿಟ್ಟರ್.

"ಸುಣ್ಣ ಈಗ ಒಡೆದಿರೋದು ನಿಜ. ಸುಣ್ಣದ ಕೆಳಗಿನದು ಯಾವಾಗ ಒಡೀತೋ ಕಾಣಿಸ್ತಿಲ್ಲ."

ವಿಷಯವೆಲ್ಲ ಅಲ್ಲೇ ಇತ್ತು. ನಿಯಮದ ಪ್ರಕಾರ ಬಿರುಕು ಹಳೆಯದಾಗಿದ್ದರೆ ಅದರ ಮೇಲೊಂದು ಕಣ್ಣಿಟ್ಟುಕೊಂಡು ಸ್ಥಾವರವನ್ನು ಮತ್ತೆ ಶುರು ಮಾಡಬಹುದು. ಹೊಸದಾಗಿದ್ದರೆ ಟ್ಯಾಂಕು ಬರಿದುಮಾಡಿ, ಪೀಠವನ್ನು ಕೊರೆದು ಒಳಗೆ ನೋಡಬೇಕು. ಟ್ಯಾಂಕು ಬರಿದಾಗಿದ್ದಷ್ಟು ದಿನವೂ ರಿಯಾಕ್ಟರ್ ಮುಚ್ಚಿರಬೇಕು. ಫಾರಮ್ಮಿನಲ್ಲಿ 'ಹಳೆಯದು', 'ಹೊಸದು' ಎಂದು ಎರಡು ಚೌಕಗಳಿದ್ದವು. ಗೊತ್ತಿಲ್ಲ ಎನ್ನುವವರಿಗೆ ಚೌಕವಿರಲಿಲ್ಲ. ಮೇಡಂ ಎರಡನ್ನೂ ಖಾಲಿ ಬಿಟ್ಟು ಕಳಿಸಿದರು. ಫಾರಂ ಅಪೂರ್ಣವೆಂದು ಮೂರು ಸಲ ವಾಪಸು ಬಂತು. ನಾಲ್ಕನೇ ಸಲ ಫಾರಮ್ಮಿನ ಬದಲು ಕರೆ ಬಂತು.

ನಿರ್ದೇಶಕರು ಮರ್ಯಾದಸ್ಥರು. ಎದುರಿಗೆ ಬಂದವರನ್ನು ಕೂರಿಸದೆ ಮಾತಾಡಿದವರಲ್ಲ.

"ಕೂತ್ಕೊಳ್ಳಿ ಮೇಡಂ. ಆ ಟ್ಯಾಂಕಿನ ಹತ್ರ ಒಂದು ಗೆರೆ ಇದೆಯಂತೆ."

"ಬಿರುಕು ಸಾರ್."

"ಆಗ್ಲಿ. ಹಳೇದು ಅಂತ ಬರೆದ್ರೆ ಏನಾಗುತ್ತೆ?"

"ಹಳೇದು ಅಂತ ಹೇಗೆ ಬರೀಲಿ ಸಾರ್? ಹಿಂದಿನ ರಿಜಿಸ್ಟರುಗಳಲ್ಲಿ ಅಲ್ಲಿ ಬಿರುಕೇ ಇಲ್ಲ."

ನಿರ್ದೇಶಕರು ಈ ಮಾತಿಗೇ ಕಾದವರಂತೆ ಡ್ರಾಯರಿನಿಂದ ಕಳೆದ ವರ್ಷದ ರಿಜಿಸ್ಟರು ತೆಗೆದರು. "ನಾಲ್ಕನೇ ಪಂಪ್ ರೂಮಲ್ಲೂ ಇಲ್ಲ ಅಂತಿದೆ. ಅಲ್ಲಿ ಇರುವೆಗಳು ಸಂಸಾರ ಹೂಡಿವೆ ಅಂತ ನೀವೇ ಬರೆದಿದ್ದೀರಿ. ನೂರ ನಲವತ್ತು ಹಳೇ ಬಿರುಕು ಹಿಡಿದಿದ್ದೀರಿ, ಒಂದಾದ್ರೂ ಇದರಲ್ಲಿದೆಯಾ? ಅಂದ್ಮೇಲೆ ಈ ರಿಜಿಸ್ಟರ್ ನಂಬಿ ನಾನು ಸ್ಥಾವರ ಮುಚ್ಕೊಂಡು ಕೂರೋಕಾಗುತ್ತಾ ಹೇಳಿ?"

ಮೇಡಂ ರಿಜಿಸ್ಟರನ್ನು ಕೈಗೆತ್ತಿಕೊಂಡರು.

"ಇದನ್ನ ಯಾರು ಬರೆದ್ರು ಅಂತ ನಾನು ಕೇಳಲ್ಲ. ದೊಡ್ಡವರು. ರಿಟೈರಾಗಿದ್ದಾರೆ. ಮನೇಲಿ ನೆಮ್ಮದಿಯಾಗಿರ್ಲಿ," ಎಂದು ನಿರ್ದೇಶಕರು ಎದ್ದು ನಿಂತು ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಸುರಕ್ಷತಾ ಮಂಡಳಿಯವರು ಹತ್ತು ದಿನಕ್ಕೆ ಬರುವವರಿದ್ದರು. ಅಷ್ಟರಲ್ಲಿ ಒಂದು ಚೌಕ ತುಂಬಬೇಕಿತ್ತು.

ಮೇಡಂ ತಮ್ಮ ಕೋಣೆಗೆ ಬಂದು ಹನ್ನೆರಡು ವರ್ಷದ ರಿಜಿಸ್ಟರುಗಳನ್ನೂ ಮೇಜಿನ ಮೇಲೆ ಹರಡಿಕೊಂಡರು. ಮಾವನ ಅಕ್ಷರ ಮುದ್ದಾಗಿತ್ತು. ಮೊದಲ ವರ್ಷದ ರಿಜಿಸ್ಟರಿನಲ್ಲಿ ಮೂವತ್ತೊಂದು ಬಿರುಕುಗಳಿದ್ದವು; ಒಂದೊಂದಕ್ಕೂ ಅಳತೆ, ಪುಟ್ಟ ಚಿತ್ರ. ಎರಡನೇ ವರ್ಷ ಒಂದೂ ಇರಲಿಲ್ಲ. ನಾನೂರ ಹನ್ನೆರಡು ಜಾಗಗಳ ಮುಂದೆಯೂ 'ಬಿರುಕಿಲ್ಲ' ಎಂದಿತ್ತು. ಮೂರನೇ ವರ್ಷವೂ ಅಷ್ಟೆ, ಹನ್ನೆರಡನೆಯ ವರ್ಷವೂ ಅಷ್ಟೆ. ಕಾಂಕ್ರೀಟಿಗೆ ಗಾಯ ಮಾಯುವ ಗುಣವಿದೆಯೆಂದು ಮೇಡಂ ಇಲ್ಲಿಗೆ ಬರುವ ಮೊದಲು ಕಾಂಕ್ರೀಟ್ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಮಾಡಿದ್ದ ಹದಿನಾರು ವರ್ಷದ ನೌಕರಿಯಲ್ಲಿ ಕೇಳಿರಲಿಲ್ಲ.

ಅವರ ಮನೆ ಸ್ಥಾವರದಿಂದ ಎರಡು ಕಿಲೋಮೀಟರ್ ದೂರ, ನೌಕರರಿಗಾಗಿ ಕಟ್ಟಿದ ಸಾಲು ಮನೆಗಳಲ್ಲೊಂದು. ಮಾವ, ಅತ್ತೆ, ಮೇಡಂ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಗಂಡ, ನಾಲ್ಕೇ ಜನ. ಆ ಸಂಜೆ ಊಟಕ್ಕೆ ಕೂತಾಗ ಮೇಡಂ ಬಿರುಕುಗಳ ಯಾದಿ ತೆಗೆದರು.

"ಮಾವ, ನಾಲ್ಕನೇ ಪಂಪ್ ರೂಮಲ್ಲಿ ಒಂದು ಬಿರುಕಿದೆ."

"ನಾನು ನೋಡ್ದಾಗ ಇರ್ಲಿಲ್ಲ."

"ಕೇಬಲ್ ಓಣೀಲಿ ಒಂಬತ್ತಿವೆ."

"ನಾನು ನೋಡ್ದಾಗ ಇರ್ಲಿಲ್ಲ."

"ಜನರೇಟರ್ ಮನೇಲಿ?"

"ಇರ್ಲಿಲ್ಲಮ್ಮ. ನಾನು ನೋಡ್ದಾಗ ಇರ್ಲಿಲ್ಲ."

ಮೂರು ಉತ್ತರಗಳೂ ಸುಳ್ಳಾಗಿರಲಿಲ್ಲವೆಂದು ಆಮೇಲೆ ತಿಳಿಯಿತು. ಮೊದಲ ವರ್ಷದ ನಂತರ ಅವರು ನೋಡಿರಲೇ ಇಲ್ಲ.

"ನಮ್ಮ ಬಚ್ಚಲ ಗೋಡೇನೂ ಬಿಟ್ಕೊಂಡಿದೆ, ಅದನ್ನೂ ಬರ್ಕೋ," ಎಂದರು ಅತ್ತೆ. ಗಂಡ ತಲೆ ಎತ್ತದೆ ಊಟ ಮುಗಿಸಿ ಎದ್ದ.

ಭಾನುವಾರ ಬೆಳಿಗ್ಗೆ ಅತ್ತೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಮೇಡಂ ಹಿಂಡಿದ ಬಟ್ಟೆಗಳನ್ನು ತಂತಿಗೆ ಹರವುತ್ತಿದ್ದರು. ಅತ್ತೆ ಮಾವನ ಅಂಗಿಯೊಂದನ್ನು ಕೊಡವಿ, "ಇವ್ರು ರಿಟೈರಾದ್ಮೇಲೆ ನನ್ನ ಕೈಗೂ ರಿಟೈರ್ ಆಯ್ತು ನೋಡು," ಎಂದರು. "ಮೊದ್ಲು ದಿನಾ ಬೆನ್ನು ತುಂಬ ಸುಣ್ಣ. ಉಜ್ಜಿ ಉಜ್ಜಿ ಸಾಕಾಗ್ತಿತ್ತು. ಪಾಪ, ಅದೆಲ್ಲೆಲ್ಲಿ ನುಗ್ಗಿ ನುಸುಳಿ ಕೆಲಸ ಮಾಡ್ತಿದ್ರೋ."

ಮೇಡಂ ಕೈಯಲ್ಲಿದ್ದ ಟವಲು ತಂತಿಯ ಮೇಲೆ ಅರ್ಧದಲ್ಲೇ ನಿಂತಿತು. "ಬೆನ್ನಿಗೆ ಮಾತ್ರಾನಾ ಅತ್ತೆ? ಮುಂದ್ಗಡೆ?"

"ಮುಂದೆ ಏನಿರ್ಲಿಲ್ಲ. ಬೆನ್ನಿಗೆ. ಆಮೇಲೆ ಪ್ಯಾಂಟಿಗೆ, ಕೂರೋ ಜಾಗದಲ್ಲಿ ಮಣ್ಣು."

"ಎಷ್ಟು ವರ್ಷದಿಂದ?"

"ಅಯ್ಯೋ, ಅದಕ್ಕೆ ಲೆಕ್ಕ ಉಂಟೇ? ಹತ್ತು ಹನ್ನೊಂದು ವರ್ಷ ಆಗಿರ್ಬೇಕು."

ಇಡೀ ಸ್ಥಾವರದಲ್ಲಿ ಸುಣ್ಣ ಬಳಿದ ಗೋಡೆ ಒಂದೇ ಇತ್ತು.

ಮಾವ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಪೇಪರು ಓದುತ್ತಿದ್ದರು. ಮೇಡಂ ಕೈ ಒರೆಸಿಕೊಂಡು ಬಂದು ಕೆಳಗಿನ ಮೆಟ್ಟಿಲಲ್ಲಿ ಕೂತರು.

"ಮಾವ, ಟ್ಯಾಂಕಿನ ಹಿಂದೆ ತಂಪಾಗಿರ್ತಿತ್ತಾ?"

ಪೇಪರು ಕೆಳಗಿಳಿಯಲಿಲ್ಲ. ಅದರ ಹಿಂದಿನಿಂದ, "ಯಾರು ಹೇಳಿದ್ರು?" ಎಂಬ ಪ್ರಶ್ನೆ ಬಂತು.

"ನಿಮ್ಮ ಅಂಗಿ."

ಮಾವ ಪೇಪರನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡರು. ಅವರ ಮುಖದಲ್ಲಿ ಗಾಬರಿಗಿಂತ ಹೆಚ್ಚಾಗಿ ಸುಸ್ತು ಕಂಡಿತು.

"ಮೊದಲ್ನೇ ವರ್ಷ ಎಲ್ಲ ಸುತ್ತಿದ್ದೆ. ಮೂವತ್ತೊಂದು ಸಿಕ್ಕಿದ್ವು."

"ನೋಡ್ದೆ. ಚಿತ್ರ ಚೆನ್ನಾಗಿ ಬರೆದಿದ್ದೀರಿ."

"ಆಗಿದ್ದ ಸಾಹೇಬರು ಮೂವತ್ತೊಂದಕ್ಕೂ ವಿವರಣೆ ಕೇಳಿದ್ರು. ಒಂದೊಂದಕ್ಕೆ ಮೂರು ಪ್ರತಿ. ಎಂಟು ತಿಂಗಳು ಬರೀ ಅದನ್ನೇ ಬರೆದೆ. ಬಿರುಕು ಗೋಡೇಲಿದೆಯೋ ನಿಮ್ಮ ಕಣ್ಣಲ್ಲಿದೆಯೋ ಅಂತ ಎಲ್ಲರ ಎದುರಿಗೆ ಕೇಳಿದ್ರು. ಮಾರನೇ ವರ್ಷ ಇಲ್ಲ ಅಂತ ಬರೆದೆ. ಯಾರೂ ಏನೂ ಕೇಳ್ಲಿಲ್ಲ. ಕರೆದು ಚಹಾ ಕೊಟ್ರು. ಇಲ್ಲ ಅಂತ ಬರೆಯೋದೇ ಆದ್ಮೇಲೆ ಅಷ್ಟು ದೂರ ನಡ್ಕೊಂಡು ಹೋಗೋದ್ಯಾಕೆ ಅನ್ನಿಸ್ತು. ಆದ್ರೆ ಕುರ್ಚೀಲಿ ಕೂತಿದ್ರೆ ಯಾರಾದ್ರೂ ನೋಡ್ತಾರೆ. ಅದಕ್ಕೆ ಊಟ ಆದ್ಮೇಲೆ ಟ್ಯಾಂಕಿನ ಹಿಂದೆ ಹೋಗಿ..."

"ಮಲಗ್ತಿದ್ರಿ."

"ಕೂತ್ಕೊಂಡಿರ್ತಿದ್ದೆ. ಒರಗಿ. ಕೆಲವು ಸಲ ನಿದ್ದೆ ಬರ್ತಿತ್ತು."

ಮೇಡಂಗೆ ಕೂಗಾಡಬೇಕೆನಿಸಿತು. ಮದುವೆಯಾಗಿ ಬಂದ ಮೇಲೆ ಮಾವನ ಎದುರು ಒಮ್ಮೆಯೂ ದನಿ ಎತ್ತಿದವರಲ್ಲ, ಹಾಗಾಗಿ ಹೇಗೆ ಶುರು ಮಾಡುವುದೆಂದು ತಿಳಿಯಲಿಲ್ಲ. "ನಾವೆಲ್ಲ ಇಲ್ಲೇ ಇದ್ವಲ್ಲ ಮಾವ," ಎಂದಷ್ಟೇ ಅಂದರು. "ಎರಡು ಕಿಲೋಮೀಟರ್. ಅತ್ತೆ, ನಿಮ್ಮ ಮಗ, ನಾನು."

"ನಾನೂ ಇಲ್ಲೇ ಇದ್ದೆ," ಎಂದರು ಮಾವ. ಅದನ್ನು ಸಮರ್ಥನೆಯಂತೆ ಹೇಳಿದರೋ ತಮಗೇ ಈಗ ಹೊಳೆದಂತೆ ಹೇಳಿದರೋ ಗೊತ್ತಾಗಲಿಲ್ಲ.

ಒಳಗೆ ಕುದಿಯುತ್ತಿದ್ದರೂ ಮೇಡಂ ತಲೆ ತನ್ನ ಕೆಲಸ ಬಿಟ್ಟಿರಲಿಲ್ಲ. "ಹಾಗಿದ್ರೆ ಆ ಪೀಠ ನಿಮಗೆ ಚೆನ್ನಾಗಿ ಗೊತ್ತು."

"ಬೆನ್ನಿಗೆ ಗೊತ್ತು."

"ಬಿರುಕಿತ್ತಾ?"

"ಇರ್ಲಿಲ್ಲ."

"ನೀವು ನೋಡ್ದಾಗ?"

ಮಾವ ಆ ಕುಟುಕನ್ನು ನುಂಗಿಕೊಂಡರು. "ಇದನ್ನ ನಿಜವಾಗ್ಲೂ ನೋಡಿದ್ದೀನಮ್ಮ. ಎರಡು ವರ್ಷದ ಹಿಂದೆ ಸುಣ್ಣ ಬಳಿಯೋಕೆ ಒಬ್ಬ ಪೇಂಟರ್ ಬಂದ. ಏಳಿ ಅಂದ. ಆಮೇಲೆ ಬಾ ಅಂದೆ. ಮತ್ತೆ ಬಂದ. ಕೊನೆಗೆ ಎದ್ದೆ. ಹಳೇ ಸುಣ್ಣ ಎಲ್ಲ ತಂತಿ ಬ್ರಷ್ಷಲ್ಲಿ ಕೆರೆದು ಹಾಕ್ದ, ಬರೀ ಕಾಂಕ್ರೀಟ್ ಕಾಣೋ ಹಾಗೆ. ನಾನು ಎದುರಿಗೇ ನಿಂತಿದ್ದೆ, ಎಷ್ಟೊತ್ತಿಗೆ ಮುಗಿಸ್ತಾನೋ ಅಂತ. ಎರಡು ಗಂಟೆ ನೋಡಿದ್ದೀನಿ. ಇಷ್ಟು ವರ್ಷದಲ್ಲಿ ಯಾವ ಗೋಡೇನೂ ಅಷ್ಟು ಹೊತ್ತು ನೋಡಿಲ್ಲ. ಮೊಟ್ಟೆ ಸಿಪ್ಪೆ ಹಾಗೆ ನುಣ್ಣಗಿತ್ತು."

"ಇದನ್ನ ಮಂಡಳಿ ಮುಂದೆ ಹೇಳ್ತೀರಾ?"

ಮಾವ ಪೇಪರನ್ನು ಮತ್ತೆ ಬಿಡಿಸಿದರು. ಇದನ್ನು ಹೇಳಬೇಕೆಂದರೆ ಅಲ್ಲಿ ಯಾಕೆ ಕೂತಿದ್ದರೆಂದು ಹೇಳಬೇಕಿತ್ತು. ಅದನ್ನು ಹೇಳಿದರೆ ಮಿಕ್ಕ ನಾನೂರ ಹನ್ನೊಂದು ಜಾಗಗಳ ಮಾತು ಬರುತ್ತಿತ್ತು. ಆ ದಿನವೂ ಮಾರನೇ ದಿನವೂ ಅವರು ಪೇಪರಿನ ಹಿಂದೆಯೇ ಇದ್ದರು. ಗಂಡ ಹೆಂಡತಿಯನ್ನು ಅಡುಗೆಮನೆಗೆ ಕರೆದು, "ಅಪ್ಪ ಬಾಯಲ್ಲಿ ಯಾವತ್ತೂ ಸುಳ್ಳು ಹೇಳಿದವರಲ್ಲ," ಎಂದ. "ಹೇಳಿಲ್ಲ, ಬರೆದಿದ್ದಾರೆ," ಎಂದರು ಮೇಡಂ.

ಮೂರನೇ ದಿನ ಅತ್ತೆ ಚಹಾದ ಲೋಟವನ್ನು ಗಂಡನ ಮುಂದೆ ಸ್ವಲ್ಪ ಜೋರಾಗಿಯೇ ಕುಕ್ಕಿದರು. ಹಿತ್ತಲಿನ ಮೆಟ್ಟಿಲ ಮೇಲಿನ ಮಾತೆಲ್ಲ ಅವರ ಕಿವಿಗೆ ಬಿದ್ದಿತ್ತು.

"ರೀ, ಹನ್ನೊಂದು ವರ್ಷ ಆ ಅಂಗಿಗಳನ್ನ ಉಜ್ಜಿದ್ದೀನಿ. ನನ್ನ ಗಂಡ ಅಷ್ಟು ಕಷ್ಟಪಡ್ತಾನೆ ಅಂತ ಅಕ್ಕಪಕ್ಕದವರ ಹತ್ರ ಹೇಳ್ಕೊಂಡಿದ್ದೀನಿ. ನನ್ನ ಮಾನ ಹೋಯ್ತು, ಅದು ಬಿಡಿ. ಸೊಸೆ ಒಬ್ಬಳೇ ಅಲ್ಲಿ ನಿಂತು ಬೈಸ್ಕೋಬೇಕಾ? ಹೋಗಿ ಹೇಳಿ ಬನ್ನಿ."

"ಎಲ್ಲರೂ ನಗ್ತಾರೆ ಕಣೆ."

"ನಗ್ಲಿ. ನಾನೂ ನಗ್ತೀನಿ, ಎಲ್ಲ ಮುಗಿದ್ಮೇಲೆ."

ಸುರಕ್ಷತಾ ಮಂಡಳಿಯ ವಿಚಾರಣೆ ಸ್ಥಾವರದ ತರಬೇತಿ ಸಭಾಂಗಣದಲ್ಲಿ ನಡೆಯಿತು. ಸಾಲು ಮನೆಗಳ ಜನ ಹಿಂದಿನ ಕುರ್ಚಿಗಳಲ್ಲಿ ಕಿಕ್ಕಿರಿದಿದ್ದರು. ಮಂಡಳಿಯ ಅಧ್ಯಕ್ಷೆ ಬಿಳಿಕೂದಲಿನ, ಪ್ರತಿ ಉತ್ತರವನ್ನೂ ತಾವೇ ಕೈಯಾರೆ ಬರೆದುಕೊಳ್ಳುವ ಹೆಂಗಸು. ನಿರ್ದೇಶಕರು ಮೊದಲು ಮಾತಾಡಿದರು. ಸ್ಥಾವರದ ಹಳೆಯ ದಾಖಲೆಗಳು ದುರದೃಷ್ಟವಶಾತ್ ನಂಬುವಂತಿಲ್ಲ, ಆದ್ದರಿಂದ ಪೀಠದ ಗೆರೆಯನ್ನು ಹಳೆಯದೆಂದೇ ಭಾವಿಸಬೇಕಾಗುತ್ತದೆ ಎಂದರು. ನಂಬುವಂತಿಲ್ಲದ ದಾಖಲೆಯಿಂದ 'ಹಳೆಯದು' ಹೇಗೆ ಹೊರಡುತ್ತದೆಂದು ಅಧ್ಯಕ್ಷೆ ಕೇಳಿದರು. ನಿರ್ದೇಶಕರು ಅದು ಅನುಭವದ ಮಾತೆಂದರು. ಅಧ್ಯಕ್ಷೆ ಅದನ್ನೂ ಬರೆದುಕೊಂಡರು.

ಆಮೇಲೆ ಮಾವ ಎದ್ದರು. ಇಸ್ತ್ರಿ ಮಾಡಿದ ಅಂಗಿ, ಎರಡೂ ಕೈ ಹಿಂದೆ.

"ನೀವು ಹನ್ನೆರಡು ವರ್ಷ ತಪಾಸಣೆ ಮಾಡಿದ್ದೀರಿ?" ಎಂದರು ಅಧ್ಯಕ್ಷೆ.

"ಒಂದು ವರ್ಷ ಮಾಡಿದ್ದೀನಿ. ಹನ್ನೊಂದು ವರ್ಷ ಬರೆದಿದ್ದೀನಿ."

ಸಭಾಂಗಣದಲ್ಲಿ ಗುಸುಗುಸು ಎದ್ದು ಅಡಗಿತು.

"ಹಾಗಾದ್ರೆ ಈ ಪೀಠದಲ್ಲಿ ಬಿರುಕಿರಲಿಲ್ಲ ಅಂತ ಹೇಗೆ ಹೇಳ್ತೀರಿ?"

"ದಿನಾ ಅದಕ್ಕೆ ಒರಗಿ ಕೂರ್ತಿದ್ದೆ."

"ಎಷ್ಟು ಹೊತ್ತು?"

"ಊಟ ಆದ್ಮೇಲೆ ಎರಡು ಗಂಟೆ."

"ವಾರಕ್ಕೆ ಎಷ್ಟು ದಿನ?"

"ಭಾನುವಾರ ರಜಾ," ಎಂದರು ಮಾವ. ಹಿಂದಿನ ಕುರ್ಚಿಗಳಲ್ಲಿ ಯಾರೋ ನಕ್ಕರು. ಮಾವನ ಕಿವಿ ಕೆಂಪಾಯಿತು, ಆದರೆ ದನಿ ಹಾಗೇ ಇತ್ತು. ಸುಣ್ಣ ಬಳಿದ ದಿನದ ಕಥೆಯನ್ನು ಮನೆಯಲ್ಲಿ ಹೇಳಿದಂತೆಯೇ, ಒಂದು ಮಾತೂ ಹೆಚ್ಚಿಸದೆ ಹೇಳಿದರು.

ನಿರ್ದೇಶಕರು ವಿನಯದಿಂದ ಎದ್ದರು. "ಹನ್ನೊಂದು ವರ್ಷ ಸುಳ್ಳು ಬರೆದವರ ಮಾತನ್ನ ಈಗ ಯಾವ ಆಧಾರದ ಮೇಲೆ ನಂಬೋದು ಅಂತ."

"ಅಲ್ಲಿ ಸುಳ್ಳು ಬರೆದಾಗ ನನಗೆ ಚಹಾ ಸಿಕ್ತು ಸಾರ್," ಎಂದರು ಮಾವ. "ಇಲ್ಲಿ ಏನು ಸಿಗುತ್ತೆ ನೀವೇ ನೋಡ್ತಿದ್ದೀರಲ್ಲ."

ಅಧ್ಯಕ್ಷೆ ಪೆನ್ನು ಕೆಳಗಿಟ್ಟು ಆ ಪೇಂಟರನ್ನು ಹುಡುಕಿಸಿ ಎಂದರು. ಹುಡುಕುವುದು ಕಷ್ಟವಾಗಲಿಲ್ಲ. ಅವನು ಕ್ಯಾಂಟೀನಿನ ಹೊಸ ಚಾವಣಿಗೆ ಬಣ್ಣ ಹೊಡೆಯುತ್ತಿದ್ದ. ಮೂಗಿನ ತುದಿಯಲ್ಲಿ ಬಣ್ಣದ ಚುಕ್ಕೆಯ ಸಮೇತ ಬಂದವನು ಮಾವನನ್ನು ನೋಡಿದ್ದೇ, "ಇವರೇ," ಎಂದ.

"ಇವರೇ ಏನು?"

"ಎದ್ದೇಳದೇ ಇದ್ದೋರು. ನಾಲ್ಕು ಸಲ ಹೇಳಿದ್ದೀನಿ ಅಮ್ಮಾ. ಆಮೇಲೆ ಎದ್ರು, ಎದ್ದು ಎದುರಿಗೇ ನಿಂತ್ಕೊಂಡ್ರು. ಅಲ್ಲಿ ಸರಿಯಾಗಿ ಕೆರೆದಿಲ್ಲ, ಇಲ್ಲಿ ಕೆರೆದಿಲ್ಲ ಅಂತ ಜೀವ ತಿಂದ್ರು. ಅಷ್ಟು ಚೆನ್ನಾಗಿ ನಾನು ಯಾವ ಗೋಡೇನೂ ಕೆರೆದಿಲ್ಲ."

"ಕೆರೆದಾಗ ಬಿರುಕೇನಾದ್ರೂ ಕಂಡಿತಾ?"

"ಬಿರುಕಿದ್ರೆ ಮೊದ್ಲು ಅದನ್ನ ತುಂಬಿಸ್ಬೇಕಲ್ಲ, ಆಮೇಲೆ ಸುಣ್ಣ. ತುಂಬೋಕೆ ತಂದಿದ್ದ ಪುಟ್ಟಿ ಡಬ್ಬಾ ಮುಚ್ಚಳ ಕೂಡ ತೆಗೀದೆ ವಾಪಸ್ ಒಯ್ದೆ."

ಉಗ್ರಾಣದ ಪುಸ್ತಕ ತರಿಸಿದರು. ಎರಡು ವರ್ಷದ ಹಿಂದಿನ ಒಂದು ತಾರೀಕಿನಲ್ಲಿ, ಟ್ಯಾಂಕಿನ ಪೀಠದ ಕೆಲಸಕ್ಕೆ ಹೋಗಿದ್ದ ಪುಟ್ಟಿ ಡಬ್ಬಾ ತೆರೆಯದೆ ಮರಳಿದೆ ಎಂದು ಬರೆದಿತ್ತು. ಅಧ್ಯಕ್ಷೆ ಮೇಡಂ ಕಡೆ ತಿರುಗಿ ಫಾರಂ ಚಾಚಿದರು. ಮೇಡಂ 'ಹೊಸದು' ಚೌಕದಲ್ಲಿ ಗುರುತು ಹಾಕಿದರು. ಗುರುತು ಸ್ವಲ್ಪ ಚೌಕದಿಂದ ಆಚೆ ಹೋಯಿತು. ಅದನ್ನು ಯಾರೂ ವಾಪಸು ಕಳಿಸಲಿಲ್ಲ.

ಟ್ಯಾಂಕನ್ನು ಬರಿದುಮಾಡಲು ಆರು ದಿನ ಹಿಡಿಯಿತು. ಏಳನೇ ದಿನ ಪೀಠ ಕೊರೆದು, ತೋಳಿನ ಗಾತ್ರದ ಕಾಂಕ್ರೀಟ್ ಉರುಳೆಯನ್ನು ಹೊರತೆಗೆದರು. ಬಿರುಕು ಎರಡಡಿ ಆಳಕ್ಕೆ ಹೋಗಿತ್ತು. ಒಳಮೈ ಹೊಸದಾಗಿ ಮುರಿದ ರಸ್ಕಿನಂತೆ ಚೊಕ್ಕಟವಾಗಿತ್ತು. ಹನ್ನೆರಡು ಬೋಲ್ಟುಗಳಲ್ಲಿ ಏಳು, ಹೊರಗಿನಿಂದ ಏನೂ ಕಾಣದಿದ್ದರೂ, ಒಳಗೆ ಜಗ್ಗಿ ಸಣ್ಣಗಾಗಿದ್ದವು. ಇನ್ನೊಂದು ನಡುಕ ಬಂದಿದ್ದರೆ ಟ್ಯಾಂಕು ಕೂತುಬಿಡುತ್ತಿತ್ತು ಎಂದು ಕೊರೆಯಲು ಬಂದ ಇಂಜಿನಿಯರ್ ಹೇಳಿದ. ಎಲ್ಲಿ ಕೂರುತ್ತಿತ್ತು ಎಂದು ಫಿಟ್ಟರ್ ಕೇಳಿದ. ಇಂಜಿನಿಯರ್ ರಿಯಾಕ್ಟರ್ ಕಟ್ಟಡಕ್ಕೆ ಹೋಗುವ ದಪ್ಪ ಕೊಳವೆಯನ್ನು ತೋರಿಸಿದ. ಫಿಟ್ಟರ್ ಆ ದಿನ ಮತ್ತೆ ಕೆಮ್ಮಲಿಲ್ಲ.

ಸ್ಥಾವರ ಹದಿನಾಲ್ಕು ತಿಂಗಳು ಮುಚ್ಚಿತ್ತು. ನಿರ್ದೇಶಕರು ಮುನ್ನೆಚ್ಚರಿಕೆಯ ಕ್ರಮವಾಗಿ ಪೀಠವನ್ನು ಪೂರ್ತಿ ಹೊಸದಾಗಿ ಕಟ್ಟಲಾಗುತ್ತಿದೆಯೆಂದು ಪತ್ರಿಕೆಗಳಿಗೆ ತಿಳಿಸಿದರು, ಕೆಲವು ತಿಂಗಳಲ್ಲಿ ಬೇರೆ ಊರಿಗೆ ವರ್ಗವಾಗಿ ಹೋದರು. ಬೀಳ್ಕೊಡುಗೆಯಲ್ಲಿ ಎಲ್ಲರೂ ಅವರ ದೂರದೃಷ್ಟಿಯನ್ನು ಹೊಗಳಿದರು. ಮಾವನ ಮೇಲೆ ಇಲಾಖೆಯ ವಿಚಾರಣೆ ನಡೆಯಿತು. ಸ್ಥಾವರದ ಗೇಟಿನಲ್ಲಿ ಅವರ ಹಳೆಯ ಪಾಸು ಇಸಿದುಕೊಂಡರು, ನಿವೃತ್ತರ ಸಂಘದವರು ಪಟ್ಟಿಯಿಂದ ಹೆಸರು ತೆಗೆದರು. ಬೀದಿಯಲ್ಲಿ ಕೆಲವರು ಅವರನ್ನು ಕಂಡರೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ತೋರಿಸುತ್ತಿದ್ದರು. ಅತ್ತೆ ಹೇಳಿದಂತೆಯೇ ಎಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಒಬ್ಬರೇ ಬಹಳ ಹೊತ್ತು ನಕ್ಕರು. ಯಾಕೆಂದು ಕೇಳಿದ ಮಗನಿಗೆ ಹೇಳಲಾಗದೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮೇಡಂ ಮಾವನನ್ನು ಕ್ಷಮಿಸಿದರೇ ಎಂದು ಕೇಳಿದರೆ ಹೇಳುವುದು ಕಷ್ಟ. ಮೊದಲಿನ ಹಾಗೆ ಊಟಕ್ಕೆ ಬಡಿಸುತ್ತಿದ್ದರು. ಆದರೆ ಮಾವ ಬಾಗಿಲಿಗೆ ಚಿಲಕ ಹಾಕಿದ್ದೇನೆ ಎಂದರೆ ಎದ್ದು ಹೋಗಿ ನೋಡಿ ಬರುತ್ತಿದ್ದರು. ಮಾವ ಅದನ್ನು ಕಂಡೂ ಕಾಣದಂತಿರುತ್ತಿದ್ದರು.

ಸ್ಥಾವರ ಮತ್ತೆ ತೆರೆಯುವ ಮುಂಚೆ ನಾನೂರ ಹನ್ನೆರಡು ಜಾಗಗಳನ್ನೂ ಹೊಸದಾಗಿ ನೋಡಿ ಬರೆಯಬೇಕೆಂದು ಮಂಡಳಿ ಆದೇಶ ಮಾಡಿತು. ಹಳೆಯ ರಿಜಿಸ್ಟರಿನ ಒಂದೊಂದು ನಮೂದೂ ನಿಜವೋ ಅಲ್ಲವೋ ಎಂದು ಹಿಂದಿನ ಸೂಪರ್‌ವೈಸರ್ ಸ್ಥಳದಲ್ಲೇ ನಿಂತು ಸಹಿ ಹಾಕಬೇಕೆಂದೂ ಅದರಲ್ಲಿತ್ತು. ಪಾಸು ಇಸಿದುಕೊಂಡಿದ್ದ ಗೇಟಿನಲ್ಲೇ ಮಾವನಿಗೆ ತಾತ್ಕಾಲಿಕ ಚೀಟಿ ಕೊಟ್ಟರು. ಮೇಡಂ ಮುಂದೆ, ಮಾವ ಹಿಂದೆ, ದೀಪ ಹೊತ್ತ ಫಿಟ್ಟರ್ ಕೊನೆಯಲ್ಲಿ. ಮೊದಲ ತಿರುವಿನಲ್ಲೇ ಮೇಡಂ ಬಲಕ್ಕೆ ಹೋದರು, ಮಾವ ಎಡಕ್ಕೆ ಹೋದರು.

"ಸಾರ್, ಆ ಕಡೆ ಕಕ್ಕಸು," ಎಂದ ಫಿಟ್ಟರ್.

ಮಾವ ಹಿಂದಿರುಗಿ ಬಂದರು. ಹಾದಿಯ ಇಬ್ಬದಿಗೂ ಸಾಲುಸಾಲು ಬಾಗಿಲುಗಳು, ಎಲ್ಲಕ್ಕೂ ಒಂದೇ ಬಣ್ಣ. ಅವರು ಅದರ ಉದ್ದವನ್ನು ತುದಿಯವರೆಗೂ ನೋಡಿದರು.

"ಎಷ್ಟು ದೊಡ್ಡದಿದೆ ಅಲ್ವಾ," ಎಂದರು.

"ಎರಡೂವರೆ ಕಿಲೋಮೀಟರ್, ಸುತ್ತಿ ಬಂದ್ರೆ," ಎಂದರು ಮೇಡಂ. ಮೊದಲನೇ ಬಾಗಿಲು ತೆಗೆದು, ಮಾವ ಒಳಗೆ ಹೋಗಲೆಂದು ಪಕ್ಕಕ್ಕೆ ನಿಂತರು.